ಕಥನಕಾವ್ಯದಲ್ಲಿ ಬಿಗಿ ಹುಟ್ಟುವ ಬಗೆ: ಮಕ್ಕಳಿಗೆ ಕಲಿಸಲು ಸಮಗ್ರ ಮಾರ್ಗದರ್ಶಿ

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಪ್ರೌಢಶಾಲೆ ಮತ್ತು ಪಿಯು ಉತ್ತರಪತ್ರಿಕೆ ತಿದ್ದುವವರಿಗೆ ಒಂದು ವಾಕ್ಯ ಬಾಯಿಪಾಠವಾಗಿರುತ್ತದೆ: ‘ಕವಿಯು ಈ ಪದ್ಯದಲ್ಲಿ ಕುತೂಹಲವನ್ನು ಬಹಳ ಚೆನ್ನಾಗಿ ಮೂಡಿಸಿದ್ದಾರೆ.’ ಉತ್ತರ ಅಲ್ಲಿಗೇ ನಿಲ್ಲುತ್ತದೆ. ಯಾವ ಸಾಲಿನಲ್ಲಿ ಮೂಡಿಸಿದರು, ಏನು ಮಾಡಿ ಮೂಡಿಸಿದರು ಎಂಬುದು ಇರುವುದಿಲ್ಲ. ಅದರ ಜಾಗದಲ್ಲಿ ಕಥೆಯ ಸಾರಾಂಶ ಬರುತ್ತದೆ.

ಇದು ಮಕ್ಕಳ ದಡ್ಡತನವಲ್ಲ, ಕಲಿಸುವ ಕ್ರಮದ ತಪ್ಪು. ಮೊದಲು ಸಾರಾಂಶ, ಆಮೇಲೆ ಪದದ ಅರ್ಥ, ಕೊನೆಗೆ ಪದ್ಯ ಎಂಬ ಕ್ರಮದಲ್ಲಿ ಹೋದರೆ ಪದ್ಯ ಓದುವ ಹೊತ್ತಿಗೆ ಮಗುವಿನ ಪಾಲಿಗೆ ಕೆಲಸ ಮುಗಿದಿರುತ್ತದೆ. ಕೆಳಗಿನ ಕ್ರಮ 40 ನಿಮಿಷದ 5 ಪಿರಿಯಡ್‌ಗೆ ಹೊಂದುತ್ತದೆ. ಹಂತಗಳನ್ನು ಹಿಂದುಮುಂದು ಮಾಡಬೇಡಿ. ಒಂದೊಂದೂ ಹಿಂದಿನದರ ಮೇಲೆಯೇ ನಿಂತಿದೆ.

ಬೇಕಾದ ಸಾಮಗ್ರಿ

ಪದ್ಯಭಾಗ 40ರಿಂದ 60 ಸಾಲು ಇರಲಿ. ಅದಕ್ಕಿಂತ ಚಿಕ್ಕದಾದರೆ ಬಿಗಿ, ಅಂದರೆ ಕೇಳುಗನನ್ನು ಉಸಿರು ಹಿಡಿಸಿ ಕೂರಿಸುವ ಸೆಳೆತ, ಏರಿಳಿಯಲು ಜಾಗವಿರುವುದಿಲ್ಲ, ದೊಡ್ಡದಾದರೆ ಒಂದೇ ಪಿರಿಯಡ್‌ನಲ್ಲಿ ಎರಡು ಸಲ ಓದಿ ಮುಗಿಸಲಾಗುವುದಿಲ್ಲ. ಪ್ರತಿ ಸಾಲಿಗೂ ನಂಬರ್ ಹಾಕಿ, ಬಲಗಡೆ ನಾಲ್ಕು ಬೆರಳಿನಷ್ಟು ಅಂಚು ಬಿಟ್ಟು ಜೆರಾಕ್ಸ್ ಮಾಡಿಸಿ. ಇಬ್ಬರಿಗೆ ಒಂದು ಪ್ರತಿ ಸಾಕು. ಪ್ರತಿ ಜೋಡಿಗೆ ಒಂದು ಸೀಸದ ಕಡ್ಡಿ, ಒಂದು ಕೆಂಪು ಪೆನ್ನು, ಒಂದು ಚೌಕಳಿ ಹಾಳೆ. ಜೆರಾಕ್ಸ್ ಆಗದಿದ್ದರೆ ಕರಿಹಲಗೆಯ ಮೇಲೆ 16 ಸಾಲು ಬರೆದು ಅಷ್ಟರಲ್ಲೇ ಕೆಲಸ ಮಾಡಿ. ನಂಬರ್ ಮಾತ್ರ ಬಿಡಬೇಡಿ. ನಂಬರ್ ಇಲ್ಲದಿದ್ದರೆ ಮಕ್ಕಳು ‘ಅಲ್ಲಿ’, ‘ಅದರಾಗ’ ಎನ್ನುತ್ತಾರೆಯೇ ಹೊರತು ಸಾಲಿನ ಮೇಲೆ ಬೆರಳಿಡುವುದಿಲ್ಲ.

ತರಗತಿ ನೋಡಿ ಪದ್ಯ ಆರಿಸಿ. 8ನೆಯ ತರಗತಿಗೆ ಪುಣ್ಯಕೋಟಿಯ ‘ಗೋವಿನ ಹಾಡು’. 9, 10ಕ್ಕೆ ಜನಪದ ಕಥನಗೀತೆ ‘ಕೆರೆಗೆ ಹಾರ’, ಇಲ್ಲವೆ ಲಕ್ಷ್ಮೀಶನ ಜೈಮಿನಿ ಭಾರತದ ಚಂದ್ರಹಾಸನ ಕಥೆ. ಪಿಯುಗೆ ರನ್ನನ ಗದಾಯುದ್ಧದ ಸರೋವರದ ಭಾಗ. ಹಳಗನ್ನಡವನ್ನು 8ನೆಯ ತರಗತಿಗೆ ತಂದರೆ ಪಿರಿಯಡ್ ಪೂರಾ ಅರ್ಥ ಹೇಳುವುದರಲ್ಲೇ ಹೋಗುತ್ತದೆ, ಬಿಗಿಯ ಮಾತೇ ಬರುವುದಿಲ್ಲ.

ಪಠ್ಯದ ಜೊತೆಗೆ ಮಕ್ಕಳ ಮನೆಯಲ್ಲೇ ಇರುವ ಸರಕನ್ನು ಕೇಳಿ ತಿಳಿದುಕೊಳ್ಳಿ. ಮೊಹರಂ ದಿನಗಳಲ್ಲಿ ನಮ್ಮ ಹಳ್ಳಿಗಳಲ್ಲಿ ಹಾಡುವ ರಿವಾಯತ್ ಪದಗಳು ಕನ್ನಡದಲ್ಲೇ ಕರ್ಬಲಾದ ಕಥೆ ಹೇಳುತ್ತವೆ. ಔರಾದ್, ಭಾಲ್ಕಿ ಕಡೆಯ ಮರಾಠಿ ಮನೆಮಾತಿನ ಮಗುವಿಗೆ ಪೋವಾಡಾ ಗೊತ್ತಿರಬಹುದು, ಸೇಡಂ, ಗುರುಮಠಕಲ್ ಕಡೆಯ ತೆಲುಗು ಮಗುವಿಗೆ ಬುರ್ರಕಥೆ, ಉರ್ದು ಮನೆಯ ಮಗುವಿಗೆ ಮರ್ಸಿಯಾ. ಇವೆಲ್ಲ ಕಥೆ ಹೇಳುವ ಹಾಡುಗಳೇ. ಕನ್ನಡ ಪದ್ಯದ ಮುಂದೆ ಹಿಂಜರಿಯುವ ಮಗು ಇಲ್ಲಿಂದ ಬಾಯಿ ಬಿಡುತ್ತದೆ.

ಹಂತ 1: ವಿವರಿಸದೆ ಓದಿ, ಎರಡು ಸಲ

ಮೊದಲ ಓದು ಶಿಕ್ಷಕರದ್ದು. ಪೀಠಿಕೆ, ಕವಿಪರಿಚಯ ಏನೂ ಬೇಡ. ಕಥೆಯ ಎಳೆ ತಪ್ಪಿಸುವಂಥ ಕಠಿಣ ಪದಗಳನ್ನು ಮಾತ್ರ, ಹೆಚ್ಚೆಂದರೆ 8, ಹಲಗೆಯ ಮೂಲೆಯಲ್ಲಿ ಅರ್ಥದೊಂದಿಗೆ ಬರೆದಿಡಿ. ಉಳಿದವು ಆಮೇಲೆ ನೋಡಿಕೊಳ್ಳಬಹುದು.

ಎರಡನೆಯ ಓದಿನಲ್ಲಿ ಮಕ್ಕಳ ಕೈಗೆ ಸೀಸದ ಕಡ್ಡಿ ಕೊಡಿ. ‘ಎಲ್ಲಿ ಉಸಿರು ಬಿಗಿ ಹಿಡಿದಂತಾಯಿತೋ ಅಲ್ಲೊಂದು ಗೆರೆ ಎಳಿ, ಕಾರಣ ಬರೀಬ್ಯಾಡ’ ಎನ್ನಿ. ಇಲ್ಲೇ ಕಾರಣ ಕೇಳಿದಿರೋ, ಮಕ್ಕಳು ಗೈಡಿನ ಭಾಷೆಗೆ ಜಾರುತ್ತಾರೆ.

ಎಚ್ಚರಿಕೆಯ ಗುರುತು: ತರಗತಿಯ ಎಲ್ಲರೂ ಒಂದೇ ಸಾಲಿಗೆ ಗೆರೆ ಎಳೆದಿದ್ದರೆ, ನೀವು ಓದುವಾಗ ಆ ಸಾಲನ್ನು ನಾಟಕದ ದನಿಯಲ್ಲಿ ಒತ್ತಿ ಹೇಳಿದ್ದೀರಿ. ಬಿಗಿ ನಿಮ್ಮ ದನಿಯದೋ ಪದ್ಯದ್ದೋ ಗೊತ್ತಾಗುವುದಿಲ್ಲ. ಮತ್ತೊಮ್ಮೆ ಸಮ ದನಿಯಲ್ಲಿ ಓದಿ.

ಹಂತ 2: ಕೊನೆಯನ್ನು ಮೊದಲೇ ಹೇಳಿಬಿಡಿ

ಹೆಚ್ಚಿನ ಶಿಕ್ಷಕರು ಒಪ್ಪದ ಹಂತ ಇದು, ಆದರೆ ಎಲ್ಲಕ್ಕಿಂತ ಮುಖ್ಯವಾದದ್ದೂ ಇದೇ. ‘ಮುಂದೇನಾಗುತ್ತದೋ ಗೊತ್ತಿಲ್ಲ’ ಎಂಬುದೇ ಬಿಗಿ ಎಂದು ಮಕ್ಕಳು ನಂಬಿರುತ್ತಾರೆ. ಹಾಗಾದರೆ ಪುಣ್ಯಕೋಟಿ ಸಾಯುವುದಿಲ್ಲ ಎಂದು ಅಂಗನವಾಡಿಯಲ್ಲೇ ಕೇಳಿದ ಮಗುವಿಗೆ ‘ಆರ ಮೊಲೆಯನು ಕುಡಿಯಲಮ್ಮಾ’ ಎಂಬ ಕರುವಿನ ಮಾತು ಇವತ್ತಿಗೂ ಗಂಟಲು ಕಟ್ಟುವುದು ಯಾಕೆ? ದುರ್ಯೋಧನನ ತೊಡೆ ಮುರಿಯುತ್ತದೆಂದು ಗೊತ್ತಿದ್ದೇ ಜನ ಗದಾಯುದ್ಧ ಕೇಳುತ್ತ ಬಂದರು. ದೊಡ್ಡಾಟ ನೋಡಲು ರಾತ್ರಿಯಿಡೀ ಕೂರುವವರಿಗೂ ಕಥೆ ಹೊಸದಲ್ಲ.

ಆದ್ದರಿಂದ ಕೊನೆಯನ್ನು ಒಂದೇ ವಾಕ್ಯದಲ್ಲಿ ಹೇಳಿ, ನಂತರ ಕೇಳಿ: ‘ಗೊತ್ತಾಯಿತಲ್ಲ, ಈಗ ಮತ್ತೆ ಓದಿದರೆ ನಿಮ್ಮ ಗೆರೆಗಳಲ್ಲಿ ಯಾವುದು ಉಳಿಯುತ್ತದೆ, ಯಾವುದು ಅಳಿಸಿಹೋಗುತ್ತದೆ?’ ಅಳಿಸಿಹೋಗುವವು ಬರಿಯ ಕುತೂಹಲದ ಜಾಗಗಳು. ಉಳಿದವು ಕವಿ ಕಟ್ಟಿದ ಬಿಗಿಯ ಜಾಗಗಳು. ಮುಂದಿನ ಕೆಲಸವೆಲ್ಲ ಈ ಎರಡನೆಯ ಗುಂಪಿನ ಮೇಲೆ.

ಹಂತ 3: ಬಿಗಿಯ ನಕ್ಷೆ

ಚೌಕಳಿ ಹಾಳೆಯಲ್ಲಿ ಅಡ್ಡಕ್ಕೆ ಪದ್ಯದ (ಇಲ್ಲಿ ಪದ್ಯ ಎಂದರೆ ಒಂದು ನುಡಿ, ಸಾಲುಗಳ ಒಂದು ಗುಂಪು) ನಂಬರ್, ಉದ್ದಕ್ಕೆ 0ಯಿಂದ 5. ಪ್ರತಿ ಪದ್ಯಕ್ಕೆ ಜೋಡಿ ಮಾತಾಡಿಕೊಂಡು ಒಂದು ಅಂಕಿ ಕೊಡಬೇಕು. ಚುಕ್ಕೆ ಸೇರಿಸಿದರೆ ಗೆರೆ ಬರುತ್ತದೆ. 15 ನಿಮಿಷ ಸಾಕು.

ಗೆರೆ ಮೆಟ್ಟಿಲಿನಂತೆ ನೇರವಾಗಿ ಏರುತ್ತಲೇ ಹೋಗಿದ್ದರೆ ಮಕ್ಕಳು ಪದ್ಯ ನೋಡಿಲ್ಲ, ಕಥೆಯ ಗಾತ್ರ ನೋಡಿ ಅಂಕಿ ಹಾಕಿದ್ದಾರೆ. ಒಳ್ಳೆಯ ಕಥನಕಾವ್ಯದಲ್ಲಿ ಬಿಗಿ ಏರಿದ ಮೇಲೆ ಒಮ್ಮೆ ಸಡಿಲಾಗುತ್ತದೆ. ಕೇಳುಗ ಉಸಿರು ಬಿಟ್ಟಾಗಲೇ ಮುಂದಿನ ಹಿಡಿತಕ್ಕೆ ಬಲ ಬರುವುದು. ಗೋವಿನ ಹಾಡಿನಲ್ಲಿ ಹುಲಿ ಹಸುವಿಗೆ ಹೋಗಿಬರಲು ಬಿಟ್ಟ ಜಾಗದಲ್ಲಿ ಗೆರೆ ಇಳಿದಿದೆಯೇ ನೋಡಿ. ಇಳಿಯದಿದ್ದರೆ ಆ ಪದ್ಯ ಮತ್ತೆ ಓದಿಸಿ.

ಇಬ್ಬರ ನಕ್ಷೆ ಬೇರೆಯಾದರೆ ತಿದ್ದಬೇಡಿ. ‘ನೀ ಇಲ್ಲಿ 5 ಕೊಟ್ಟಿ, ಅಕಿ 2 ಕೊಟ್ಟಾಳ, ಯಾವ ಪದ ನೋಡಿ ಕೊಟ್ಟಿ?’ ಎಂಬ ಪ್ರಶ್ನೆಯಿಂದ ಹೊರಡುವ ಜಗಳವೇ ಪಾಠ.

ಹಂತ 4: ಯಾರಿಗೆ ಏನು ಗೊತ್ತು

ಈಗ ಕಾರಣಕ್ಕೆ ಬನ್ನಿ. ಹಲಗೆಯ ಮೇಲೆ ಕಂಬಸಾಲು ಎಳೆಯಿರಿ. ಮೊದಲ ಕಂಬ ‘ಕೇಳುಗ’, ಉಳಿದವು ಒಂದೊಂದು ಪಾತ್ರಕ್ಕೆ. ಪ್ರತಿ ಘಟ್ಟದಲ್ಲೂ ಯಾರಿಗೆ ವಿಷಯ ಗೊತ್ತೋ ಅವರಿಗೆ ಸರಿ ಗುರುತು, ಗೊತ್ತಿಲ್ಲದವರಿಗೆ ಸೊನ್ನೆ.

ಚಂದ್ರಹಾಸನ ಕಥೆ ಇದಕ್ಕೆ ಹೇಳಿ ಮಾಡಿಸಿದ್ದು. ಮಂತ್ರಿ ದುಷ್ಟಬುದ್ಧಿ ತನ್ನ ಮಗ ಮದನನಿಗೆ ಪತ್ರ ಬರೆದು ಚಂದ್ರಹಾಸನ ಕೈಯಲ್ಲೇ ಕಳಿಸುತ್ತಾನೆ. ತಂದವನಿಗೆ ವಿಷ ಕೊಡು ಎಂಬುದು ಒಳಗಿನ ಆಜ್ಞೆ. ಕೇಳುಗನಿಗೆ ಗೊತ್ತು, ಹೊತ್ತವನಿಗೆ ಗೊತ್ತಿಲ್ಲ. ಅವನು ಉದ್ಯಾನದಲ್ಲಿ ನಿದ್ದೆ ಹೋಗುತ್ತಾನೆ. ಅಲ್ಲಿಗೆ ಬಂದ ದುಷ್ಟಬುದ್ಧಿಯ ಮಗಳು ವಿಷಯೆ ಪತ್ರ ಓದಿ, ವಿಷದ ಜಾಗದಲ್ಲಿ ತನ್ನ ಹೆಸರು ಬರುವಂತೆ ಅಕ್ಷರ ತಿದ್ದುತ್ತಾಳೆ. ಕಂಬಸಾಲು ತುಂಬಿಸಿದಾಗ ಮಕ್ಕಳಿಗೆ ಕಾಣುತ್ತದೆ: ಅತ್ಯಂತ ಅಪಾಯದಲ್ಲಿರುವವನಿಗೇ ಕೊನೆಯವರೆಗೂ ಸೊನ್ನೆ. ಅವನ ನಿದ್ದೆಯನ್ನು ಕವಿ ಶಾಂತವಾಗಿ ವರ್ಣಿಸಿದಷ್ಟೂ ಕೇಳುಗನ ಬಿಗಿ ಹೆಚ್ಚುವುದು ಅದಕ್ಕೇ. ವರ್ಣನೆ ಕಥೆಗೆ ಅಡ್ಡ ಎಂದು ಅದನ್ನು ಹಾರಿಸಿ ಓದುವ ಅಭ್ಯಾಸ ಇಲ್ಲೇ ಬಿಡಿಸಬೇಕು.

ಕೆರೆಗೆ ಹಾರದಲ್ಲಿ ಲೆಕ್ಕ ಇನ್ನೊಂದು ತರಹ. ಮಲ್ಲನಗೌಡ ಕಟ್ಟಿಸಿದ ಕೆರೆಗೆ ನೀರು ಬರಲಿಲ್ಲವೆಂದು ಕಿರಿಯ ಸೊಸೆ ಭಾಗೀರಥಿಯನ್ನು ಬಲಿ ಕೊಡುವ ಮಾತಾಗಿದೆ. ಕೇಳುಗನಿಗೆ ಗೊತ್ತು, ಅತ್ತೆಮಾವರಿಗೆ ಗೊತ್ತು, ಅವಳಿಗೂ ಗೊತ್ತು. ದಂಡಿನಲ್ಲಿರುವ ಗಂಡ ಮಹಾದೇವರಾಯನಿಗೆ ಗೊತ್ತಿಲ್ಲ, ತವರಿನವರಿಗೆ ಗೊತ್ತಿಲ್ಲ. ಕೆರೆಯ ಪೂಜೆಗೆ ಹೊರಟಾಗ ಜೊತೆಯಲ್ಲಿರುವ ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಪೂಜೆ ಮುಗಿಸಿ ಮರಳುವಾಗ ಬಂಗಾರದ ಬಟ್ಟಲು ಮರೆತು ಬಂದೆವೆಂಬ ನೆಪ ಹುಟ್ಟುತ್ತದೆ, ಅದನ್ನು ತರಲು ಭಾಗೀರಥಿಯೇ ಮತ್ತೆ ಕೆರೆಗೆ ಹೋಗುತ್ತಾಳೆ. ಗೊತ್ತಿದ್ದೂ ಆಡದ ಮಾತು ಗೊತ್ತಿಲ್ಲದ ಮಾತಿಗಿಂತ ಬಿಗಿ ಎಂಬುದು ಈ ಒಂದು ಹಾಡಿನಿಂದ ಸ್ಪಷ್ಟವಾಗುತ್ತದೆ.

ಸಾಮಾನ್ಯ ತಪ್ಪು: ‘ಕೇಳುಗ’ ಎಂಬ ಕಂಬವನ್ನೇ ಬಿಡುವುದು. ಅದಿಲ್ಲದಿದ್ದರೆ ಕೋಷ್ಟಕ ಮತ್ತೆ ಪಾತ್ರಪರಿಚಯವಾಗುತ್ತದೆ.

ಹಂತ 5: ಕವಿ ಎಲ್ಲಿ ತಡ ಮಾಡುತ್ತಾನೆ

ಅಪಾಯ ಗೊತ್ತಾದ ಸಾಲಿನಿಂದ ಅದು ಮೈಮೇಲೆ ಬರುವ ಸಾಲಿನವರೆಗೆ ಎಷ್ಟು ಪದ್ಯಗಳಿವೆ ಎಂದು ಮಕ್ಕಳಿಂದ ಎಣಿಕೆ ಮಾಡಿಸಿ. ಆ ನಡುವೆ ಏನೇನು ತುಂಬಿದೆ ಎಂದು ಅಂಚಿನಲ್ಲಿ ಬರೆಸಿ.

ಭಾಗೀರಥಿ ತವರಿಗೆ ಹೋಗುತ್ತಾಳೆ. ಕಣ್ಣೀರು ಯಾಕೆಂದು ತಂದೆ ಕೇಳಿದರೆ, ಅತ್ತೆಮಾವ ಬೇರೆ ಇಡುತ್ತಾರಂತೆ ಎನ್ನುತ್ತಾಳೆ. ಹಾಗಾದರೆ ಹೊಲಮನೆ ಕೊಡಿಸುತ್ತೇನೆ ಎಂದು ಅವನ ಸಮಾಧಾನ. ತವರಿನ ಉಳಿದವರೊಂದಿಗೂ ಅದೇ ಪ್ರಶ್ನೆ, ಅದೇ ಸುಳ್ಳು ಮತ್ತೆ ಬರುತ್ತದೆ. ಕೊನೆಗೆ ಗೆಳತಿಗೆ ಮಾತ್ರ ನಿಜ ಹೇಳುತ್ತಾಳೆ. ಹಾಡಿಗೆ ಪಾಠಭೇದಗಳಿವೆ, ನಿಮ್ಮ ಕೈಯಲ್ಲಿರುವ ಪಾಠವನ್ನೇ ಹಿಡಿದು ಎಣಿಸಿ. ಈ ಪುನರಾವರ್ತನೆ ಕಂಡ ಮಕ್ಕಳು ‘ಜನಪದ ಹಾಡಿನಾಗ ಹಂಗೇ ಇರ್ತದ್ರಿ’ ಎಂದುಬಿಡುತ್ತಾರೆ. ಒಪ್ಪಬೇಡಿ. ಸಾಲು ಅದೇ ಇದ್ದರೂ ಪ್ರತಿ ಸಲ ಒಂದು ಬಾಗಿಲು ಮುಚ್ಚುತ್ತದೆ. ಕಾಪಾಡಬಹುದಾದವರ ಸಂಖ್ಯೆ ಕಡಿಮೆಯಾಗುತ್ತ ಹೋಗುತ್ತದೆ. ಅಂಚಿನಲ್ಲಿ ‘ಇನ್ನು ಯಾರು ಉಳಿದರು?’ ಎಂದು ಪ್ರತಿ ಸಲ ಬರೆಸಿದರೆ ಇದು ಕಣ್ಣಿಗೇ ಬೀಳುತ್ತದೆ.

ಕೆರೆಯ ಮೆಟ್ಟಿಲಿನ ಭಾಗ ಇದೇ ತಂತ್ರದ ಪರಮಾವಧಿ. ಒಂದು ಮೆಟ್ಟಿಲಿಗೆ ನೀರು ಪಾದಕ್ಕೆ, ಮುಂದೆ ಮೊಣಕಾಲಿಗೆ, ನಡುವಿಗೆ, ಹೀಗೆ ಒಂದೊಂದೇ ಅಳತೆ ಏರುತ್ತದೆ. ‘ಮುಳುಗಿದಳು’ ಎಂದು ಒಂದೇ ಕ್ರಿಯಾಪದದಲ್ಲಿ ಮುಗಿಸಬಹುದಾದ್ದನ್ನು ಹಾಡು ಮೆಟ್ಟಿಲು ಮೆಟ್ಟಿಲಾಗಿ ಬಿಡಿಸಿದೆ. ಅವಳು ಮೇಲೆ ಬರುತ್ತಿದ್ದಾಳೆ, ನೀರೂ ಮೇಲೆ ಬರುತ್ತಿದೆ. ಎರಡರ ದಿಕ್ಕೂ ಒಂದೇ ಎಂದು ಮಕ್ಕಳೇ ಕಂಡುಕೊಳ್ಳಲಿ.

ಇಲ್ಲೊಂದು ಜಾಗ್ರತೆ. ಒಬ್ಬ ಹೆಣ್ಣುಮಗಳನ್ನು ಮನೆಯವರೇ ಕೊಲ್ಲುವ ಕಥೆ ಇದು. ಕೊನೆಗೆ ಗಂಡನೂ ಅದೇ ಕೆರೆಗೆ ಹಾರುತ್ತಾನೆ. ‘ತ್ಯಾಗಮಯಿ’ ಎಂದು ಹೊಗಳಿ ಮುಂದೆ ಹೋದರೆ ಕೂತಿರುವ ಹುಡುಗಿಯರಿಗೆ ಅನ್ಯಾಯ. ಅವರಿಗೆ ಸಿಟ್ಟು ಬಂದರೆ ಬರಲಿ, ಮಾತಾಡಲು ಹತ್ತು ನಿಮಿಷ ಕೊಡಿ. ಆ ಸಿಟ್ಟನ್ನು ಹುಟ್ಟಿಸಿದ ಸಾಲು ಯಾವುದು ಎಂದು ಆಮೇಲೆ ಕೇಳಿ. ಮನೆಯಲ್ಲಿ ಇತ್ತೀಚೆಗೆ ಸಾವು ಕಂಡ ಮಗು ಇದ್ದರೆ ಬೇರೆ ಪದ್ಯ ಆರಿಸುವುದೇ ಸರಿ.

ಹಂತ 6: ನಾದ, ಮಾತ್ರೆ, ಸಾಲಿನ ಮುರಿತ

ಛಂದಸ್ಸನ್ನು ಬೇರೆ ಪಾಠವಾಗಿ ಕಲಿಸಿ ಮರೆಯುವುದರಿಂದ ಆಗುವ ನಷ್ಟ ದೊಡ್ಡದು. ಪ್ರಸ್ತಾರ ಹಾಕಿ ‘ಇದು ಭಾಮಿನಿ ಷಟ್ಪದಿ’ ಎಂದು ಬರೆದರೆ ಅಂಕ ಸಿಗುತ್ತದೆ, ಆದರೆ ಅದು ಬಿಗಿಗೆ ಏನು ಮಾಡಿತು ಎಂಬುದು ಉಳಿದುಬಿಡುತ್ತದೆ. ಮಾತ್ರೆ ಎಣಿಸಿದ ಕೂಡಲೇ ‘ಎಲ್ಲಿ ಲೆಕ್ಕ ಬದಲಾಯಿತು?’ ಎಂದು ಕೇಳಿ.

ಈ ಪದ್ಯದಿಂದ ಶುರು ಮಾಡಿ:

ಖಂಡವಿದೆಕೋ ಮಾಂಸವಿದೆಕೋ
ಗುಂಡಿಗೆಯ ಬಿಸಿ ರಕ್ತವಿದೆಕೋ
ಚಂಡ ವ್ಯಾಘ್ರನೆ ನೀನಿದೆಲ್ಲವ
ನುಂಡು ಸಂತಸದಿಂದಿರು

ಮೊದಲ ಮೂರು ಸಾಲು 3, 4, 3, 4ರ ಗಣಗಳಲ್ಲಿ 14 ಮಾತ್ರೆ. ನಾಲ್ಕನೆಯದು 3, 4, 3 ಆಗಿ ಒಂದು ಗುರುವಿಗೆ ನಿಲ್ಲುತ್ತದೆ, 12. ಮೂರನೆಯ ಸಾಲಿನಲ್ಲಿ ಮಕ್ಕಳು 15 ಎಣಿಸಿ ತಬ್ಬಿಬ್ಬಾಗುತ್ತಾರೆ. ‘ವ್ಯಾ’ ಒತ್ತಕ್ಷರದ ಹಿಂದಿನ ‘ಡ’ವನ್ನು ಗುರು ಎಂದು ಹಿಡಿಯುವುದೇ ಕಾರಣ. ಇಲ್ಲಿ ಅದನ್ನು ತೇಲಿಸಿ ಲಘುವಾಗಿಯೇ ಹಾಡಬೇಕು. ಒಮ್ಮೆ ಹಾಡಿ ತೋರಿಸಿದರೆ ಗೊಂದಲ ಹೋಗುತ್ತದೆ.

ಈಗ ನೋಡಿ: ‘ಇದೆಕೋ’ ಮೂರು ಸಲ. ಮೊದಲ ಸಾಲಿನಲ್ಲಿ ಎರಡು, ಎರಡನೆಯ ಸಾಲಿನಲ್ಲಿ ಒಂದೇ, ಏಕೆಂದರೆ ಅಲ್ಲಿ ಗುಂಡಿಗೆ ಬಂತು, ಬಿಸಿ ಬಂತು, ರಕ್ತ ಬಂತು. ಕೊಡುವ ವಸ್ತು ಮೈಯ ಹೊರಗಿನಿಂದ ಒಳಕ್ಕೆ ಸರಿದಿದೆ. ‘ಇದೆಲ್ಲವನುಂಡು’ ಎಂಬ ಪದ ಎರಡು ಸಾಲುಗಳ ನಡುವೆ ಮುರಿದು ಕೆಳಗಿಳಿದಿದೆ, ಹಾಡುವವರು ಅಲ್ಲಿ ನಿಲ್ಲಲಾರರು. ನಿಲ್ಲುವುದು ಚಿಕ್ಕದಾದ ಕೊನೆಯ ಸಾಲಿನಲ್ಲಿ, ಹುಲಿಗೆ ಸಂತೋಷ ಹಾರೈಸಿದ ಮೇಲೆ.

ಪಿಯು ಮಕ್ಕಳಿಗೆ ರನ್ನನ ಒಂದು ಕಂದಪದ್ಯ (ನಾಲ್ಕು ಸಾಲಿನ ಹಳಗನ್ನಡ ಛಂದಸ್ಸು). ವೈಶಂಪಾಯನ ಸರೋವರದಲ್ಲಿ ಅಡಗಿದ ದುರ್ಯೋಧನನಿಗೆ ಭೀಮನ ಕೂಗು ಕೇಳಿಸುತ್ತದೆ.

ಆ ರವಮಂ ನಿರ್ಜಿತಕಂ
ಠೀರವರವಮಂ ನಿರಸ್ತಘನರವಮಂ ಕೋ
ಪಾರುಣನೇತ್ರಂ ಕೇಳ್ದಾ
ನೀರೊಳಗಿರ್ದುಂ ಬೆಮರ್ದನುರಗಪತಾಕಂ

ಮೊದಲು ಅನ್ವಯ ಕೊಡಿ: ಸಿಂಹಗರ್ಜನೆಯನ್ನು ಗೆದ್ದ, ಗುಡುಗನ್ನು ಮೀರಿಸಿದ ಆ ದನಿಯನ್ನು ಕೇಳಿ, ಕೋಪದಿಂದ ಕಣ್ಣು ಕೆಂಪಾದ ದುರ್ಯೋಧನ ಆ ನೀರಿನೊಳಗಿದ್ದೂ ಬೆವರಿದ. ಆಮೇಲೆ ಮೂರು ಪ್ರಶ್ನೆ ಕೇಳಿ, ಇದೇ ಕ್ರಮದಲ್ಲಿ.

‘ರವಮಂ’ ಎಷ್ಟು ಸಲ? ಮೂರು. ಆ ದನಿ ಒಮ್ಮೆ ಹೇಳಿ ಮುಗಿಯದೆ ಬೆನ್ನತ್ತಿ ಬರುತ್ತದೆ. ಕ್ರಿಯಾಪದ ಎಲ್ಲಿದೆ? ನಾಲ್ಕನೆಯ ಸಾಲಿನಲ್ಲಿ. ಏನಾಯಿತು ಎಂಬುದನ್ನು ಕವಿ ಮೂರು ಸಾಲು ತಡೆದು ಹಿಡಿದಿದ್ದಾನೆ, ಯಾರಿಗಾಯಿತು ಎಂಬುದನ್ನು ಇನ್ನೂ ಆಚೆಗೆ, ಕಡೆಯ ಪದಕ್ಕೆ ಇಟ್ಟಿದ್ದಾನೆ. ಸಾಲು ಎಲ್ಲಿ ಮುರಿದಿದೆ? ‘ಕಂಠೀರವ’, ‘ಕೋಪಾರುಣ’ ಎರಡೂ ಪದಗಳು ಸಾಲಿನ ಅಂಚಿನಲ್ಲಿ ಸೀಳಿವೆ, ಓದುವವರಿಗೆ ಉಸಿರಾಡಲು ಎಡೆ ಸಿಗುವುದಿಲ್ಲ. ‘ನೀರೊಳಗಿರ್ದುಂ’ ಎಂಬಲ್ಲಿನ ‘ಉಂ’ ಪ್ರತ್ಯಯವನ್ನು ತೆಗೆದು ಓದಿಸಿ. ‘ಇದ್ದರೂ’ ಹೋಗಿ ‘ಇದ್ದು’ ಉಳಿಯುತ್ತದೆ, ವಿರೋಧ ಸತ್ತೇ ಹೋಗುತ್ತದೆ.

ಷಟ್ಪದಿಯ ಪದ್ಯ ಹಿಡಿದವರು 3 ಮತ್ತು 6ನೆಯ ಸಾಲಿನ ಮೇಲೆ ಕಣ್ಣಿಡಿ. ಭಾಮಿನಿಯಲ್ಲಿ ಉಳಿದ ಸಾಲಿಗೆ 14 ಮಾತ್ರೆಯಾದರೆ ಇವಕ್ಕೆ 23, ಕೊನೆಗೆ ಗುರು. ಉದ್ದ ಸಾಲಿನಲ್ಲಿ ಕವಿ ಮಾತು ಮುಗಿಸಿದ್ದಾನೋ, ಇಲ್ಲವೆ ಮುಗಿಸದೆ ಮುಂದಕ್ಕೆ ದೂಡಿದ್ದಾನೋ ಎಂಬುದನ್ನು ಗುರುತಿಸಿದರೆ ಸಾಕು.

ಹಂತ 7: ತೆಗೆದು ನೋಡುವ ಪ್ರಯೋಗ

ಒಂದು ಜೋಡಿ ಒಂದು ಪದ್ಯವನ್ನು ತೆಗೆದು ಉಳಿದದ್ದನ್ನು ಗಟ್ಟಿಯಾಗಿ ಓದುತ್ತದೆ. ಮತ್ತೊಂದು ಜೋಡಿ ಎರಡು ಪದ್ಯಗಳ ಜಾಗ ಅದಲುಬದಲು ಮಾಡುತ್ತದೆ. ಮೂರನೆಯದು ಮಾತಿನ ರೂಪದಲ್ಲಿರುವ ಪದ್ಯವನ್ನು ವರದಿಯ ಗದ್ಯಕ್ಕೆ ಇಳಿಸುತ್ತದೆ: ‘ಕರು ತನಗೆ ಯಾರು ಗತಿ ಎಂದು ಕೇಳಿತು.’ ಮೂಲದ ಪಕ್ಕ ಇಟ್ಟು ಓದಿದಾಗ ಏನು ಕಳೆಯಿತೆಂದು ವಿವರಿಸುವ ಅಗತ್ಯವೇ ಬೀಳುವುದಿಲ್ಲ. ‘ಆರ’, ‘ಆರ’ ಎಂದು ಮೂರು ಸಾಲಿನ ತಲೆಯಲ್ಲಿ ಬಂದದ್ದು ನಾಲ್ಕನೆಯದರಲ್ಲಿ ‘ಆರು ನನಗೆ ಹಿತವರು’ ಎಂದು ತಿರುಗಿದ್ದು ಆಗ ಕಿವಿಗೆ ಬೀಳುತ್ತದೆ.

ತೆಗೆದರೂ ಏನೂ ಕಳೆಯದ ಪದ್ಯವಿದ್ದರೆ ಮಕ್ಕಳು ಹಾಗೆಂದು ಹೇಳುವ ಧೈರ್ಯ ಮಾಡಲಿ. ಕವಿಯ ಪ್ರತಿ ಸಾಲೂ ಅದ್ಭುತ ಎಂದು ಹೇಳಿಸಿದರೆ ಅವರ ಕಣ್ಣು ಮೊಂಡಾಗುತ್ತದೆ.

ಹಂತ 8: ಮಕ್ಕಳೇ 12 ಸಾಲು ಬರೆಯಲಿ

ವಿಷಯ ಊರಿನದೇ ಇರಲಿ: ಭೀಮಾ ನದಿ ಉಕ್ಕಿದ ರಾತ್ರಿ ಆಚೆ ದಂಡೆಯಲ್ಲಿ ಉಳಿದ ಅಣ್ಣ, ತೊಗರಿ ರಾಶಿ ಬಯಲಲ್ಲಿರುವಾಗ ಕಪ್ಪಾದ ಮೋಡ, ಪುಣೆಗೆ ದುಡಿಯಲು ಹೋದವರ ಬಾರದ ಫೋನ್. ನಿಯಮ ಮೂರೇ. 2ನೆಯ ಸಾಲಿನೊಳಗೆ ಅಪಾಯ ಗೊತ್ತಾಗಬೇಕು. 11ನೆಯ ಸಾಲಿಗಿಂತ ಮೊದಲು ಅದು ಬರಕೂಡದು. ಒಂದು ಸಾಲು ಮೂರು ಸಲ ಮರಳಬೇಕು, ಪ್ರತಿ ಸಲ ಒಂದೇ ಒಂದು ಪದ ಬದಲಾಗಬೇಕು.

ಮನೆಯ ಮಾತಿನಲ್ಲೇ ಬರೆಯಲು ಬಿಡಿ. ‘ಬರ್ಲತ್ತಾನ’, ‘ಹೊಂಟದ’ ಎಂದಿದ್ದರೆ ಕೆಂಪು ಗೆರೆ ಹಾಕಬೇಡಿ. ‘ಭಯಾನಕ’, ‘ಘೋರ’, ‘ಎದೆ ಝಲ್ಲೆಂದಿತು’ ಎಂಬ ಪದಗಳನ್ನು ಮಾತ್ರ ನಿಷೇಧಿಸಿ. ಹೆದರಿಕೆಯ ಹೆಸರು ಬರೆದವರು ಹೆದರಿಕೆ ಹುಟ್ಟಿಸುವ ಕೆಲಸ ಬಿಟ್ಟುಬಿಡುತ್ತಾರೆ.

ಹಂತ 9: ಉತ್ತರ ಬರೆಯುವ ರೂಪ

ಈ ಹಂತವನ್ನು ಮೊದಲಿಗೆ ತರಬೇಡಿ. ಪ್ರತಿ ಉತ್ತರದಲ್ಲಿ ಮೂರು ತುಂಡು ಬೇಕು: ಸಾಲು, ಕವಿ ಅಲ್ಲಿ ಮಾಡಿದ ಕೆಲಸ, ಕೇಳುಗನ ಮೇಲೆ ಆದದ್ದು.

ದುರ್ಬಲ ಉತ್ತರ: ‘ಭೀಮನ ಧ್ವನಿ ಕೇಳಿ ದುರ್ಯೋಧನನು ಹೆದರಿದನು. ಕವಿ ಇದನ್ನು ಮನಮುಟ್ಟುವಂತೆ ವರ್ಣಿಸಿದ್ದಾನೆ.’

ಸರಿಯಾದ ಉತ್ತರ: ‘ರವಮಂ ಎಂಬ ಪದವನ್ನು ಮೂರು ಸಲ ತಂದು, ಬೆಮರ್ದನ್ ಎಂಬ ಕ್ರಿಯಾಪದವನ್ನು ಕೊನೆಯ ಸಾಲಿನವರೆಗೆ ತಡೆದಿರುವುದರಿಂದ, ಆ ಕೂಗಿಗೆ ಏನು ಉತ್ತರ ಬರುವುದೋ ಎಂದು ಕಾಯುವಂತಾಗುತ್ತದೆ. ಕೋಪದ ಕಣ್ಣು ಕಂಡ ಮೇಲೆ ಎದುರುತ್ತರ ಬರುತ್ತದೆಂದು ಎಣಿಸಿದರೆ ಬಂದದ್ದು ಬೆವರು.’

ಅಂಕ ಕೊಡುವಾಗ 5ರಲ್ಲಿ ಸಾಲಿಗೆ 1, ಕೆಲಸಕ್ಕೆ 2, ಪರಿಣಾಮಕ್ಕೆ 2 ಎಂದು ಹಂಚಿ, ಇದನ್ನು ಮಕ್ಕಳಿಗೆ ಮುಂಚೆಯೇ ತಿಳಿಸಿ. ‘ಮನಮುಟ್ಟುವಂತೆ’, ‘ಮನೋಜ್ಞವಾಗಿ’ ಎಂಬ ಪದಗಳಿಗೆ ಅಂಕವಿಲ್ಲ. ಸಾಲನ್ನು ಬರೆದು ಅದರ ಅರ್ಥವನ್ನೇ ಪರಿಣಾಮವೆಂದು ಬರೆಯುವುದು ಹೆಚ್ಚಾಗಿ ಕಾಣುವ ಇನ್ನೊಂದು ದೋಷ. ಅಂಥ ಉತ್ತರ ಬಂದರೆ ಮತ್ತೆ ವಿವರಿಸುತ್ತ ಕೂರಬೇಡಿ. ಆ ಮಗುವನ್ನು 7ನೆಯ ಹಂತಕ್ಕೆ ಕಳಿಸಿ, ತಾನು ಬರೆದ ಸಾಲನ್ನೇ ಪದ್ಯದಿಂದ ತೆಗೆದು ಗಟ್ಟಿಯಾಗಿ ಓದಿಸಿ, ಆಮೇಲೆ ಅದೇ ಉತ್ತರದ ಕೊನೆಯ ವಾಕ್ಯವನ್ನಷ್ಟೇ ತಿದ್ದಿ ಬರೆಯಲು ಹೇಳಿ.